ಹುಮನಾಬಾದಿನಿಂದ ತಂದ ಬಿಸಿ ಕೇಬಲ್

ಈ ಪ್ರಯಾಣದ ವಿಷಯ ಬರೆಯುವುದನ್ನು ಎರಡು ಬೇಸಿಗೆಗಳಿಂದ ಮುಂದೂಡುತ್ತ ಬಂದಿದ್ದೇನೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗಿ ಬರುವುದೆಂದರೆ ಹೇಳಿಕೊಳ್ಳುವಂಥ ಪ್ರವಾಸವಲ್ಲ. ಬೆಳಿಗ್ಗೆ ಹೊರಟವನು ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾನೆ. ಆದರೂ ಶ್ರೀಶೈಲಕ್ಕೆ ಹೋಗಿ ಬಂದದ್ದು ಮರೆಯುತ್ತ ಬಂದಿದೆ, ಇದು ಮರೆತಿಲ್ಲ.

ನನ್ನ ಅಣ್ಣನ ಮಗ ಸಂಗಮೇಶ ಕುಲ್ಫಿ ಮಾಡಿ ಮದುವೆಗಳಿಗೆ ಕಳಿಸುತ್ತಾನೆ. ಮಾಲು ಇಡಲು ಊರ ಹೊರಗೆ ಒಂದು ತಂಪು ಕೋಣೆ ಕಟ್ಟಿಸಿದ್ದಾನೆ. ಅದರೊಳಗಿನ ಯಂತ್ರದ ಮೇಲೆ ಕಟ್ಟಿದ ಮಂಜು ಆಗಾಗ ಕರಗಿ, ಆ ನೀರು ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ಹೋಗಬೇಕು. ಆ ವೈಶಾಖದಲ್ಲಿ ಹೊರಗೆ ಡಾಂಬರು ಕರಗುತ್ತಿದ್ದರೆ, ಒಳಗೆ ಆ ಪೈಪಿನ ನೀರು ಕಲ್ಲಾಗಿ ನಿಂತಿತು. ತುಂಬಿ ಮೇಲೆ ಬಂದ ನೀರು ಫ್ಯಾನಿನ ರೆಕ್ಕೆಗೆ ಹತ್ತಿ ಹೆಪ್ಪುಗಟ್ಟತೊಡಗಿತು. ಫ್ಯಾನು ನಿಂತರೆ ಮಾಲೆಲ್ಲ ಕರಗುತ್ತದೆ. ಇನ್ನೆರಡು ದಿನಕ್ಕೆ ಹುಲಸೂರಿನಲ್ಲಿ ದೊಡ್ಡ ಮದುವೆ.

ಸಂಗಮೇಶನ ಹತ್ತಿರ ಒಬ್ಬ ಫಿಟ್ಟರ್ ಇದ್ದ. ಅವನ ಹೆಸರು ಈಗಲೇ ಬರೆದರೆ ಮುಂದೆ ಕೈ ಓಡುವುದಿಲ್ಲ. ಕೆಟಲಿಯಲ್ಲಿ ಬಿಸಿನೀರು ತಂದು ಪೈಪಿನ ಮೇಲೆ ಸುರಿಯುತ್ತ ರಾತ್ರಿಯೆಲ್ಲ ಫ್ಯಾನು ನಿಲ್ಲದಂತೆ ನೋಡಿಕೊಂಡವನು ಅವನೇ. ಪೈಪಿಗೆ ಬಿಸಿಯಾಗುವ ಕೇಬಲ್ ಸುತ್ತಿದರೆ ಈ ಕಾಟ ತಪ್ಪುತ್ತದೆ, ಹುಮನಾಬಾದಿನಲ್ಲಿ ಸಿಗುತ್ತದೆ ಎಂದು ತಿಳಿಯಿತು. ಫಿಟ್ಟರ್ ಕೆಟಲಿ ಬಿಟ್ಟು ಹೋಗುವಂತಿರಲಿಲ್ಲ. ಅದಕ್ಕೆ ಸಂಗಮೇಶ, "ಕಾಕಾ, ಆರಿಸಿ ತರೋದು ನೀವೇ. ವ್ಯಾಪಾರ ನಿಮ್ಮಂಗ ಯಾರಿಗಿ ಬರ್ತದ್ರಿ?" ಎಂದ. ಮೆಟ್ರಿಕ್ ಮುಗಿಸಿ ನಲವತ್ತು ವರ್ಷ ಊರಿಗೆಲ್ಲ ವಯರಿಂಗ್ ಮಾಡಿದವನು ನಾನು. ಎದೆ ಉಬ್ಬಿತು.

ಮೊದಲ ಬಸ್ಸು ಹಿಡಿದೆ. ಹೆದ್ದಾರಿ ಸೇರುವ ಹೊತ್ತಿಗೇ ಕಿಟಕಿಯ ಕಂಬಿ ಕಾದಿತ್ತು. ತೊಗರಿ ಕೊಯ್ದ ಹೊಲಗಳು ಬೋಳಾಗಿ ಬಿದ್ದಿದ್ದವು. ಹೆಂಗಸರಿಗೆಲ್ಲ ಪುಕ್ಕಟೆ ಟಿಕೆಟ್, ನನ್ನಂಥವರಿಗೆ ಪೂರ್ತಿ ದರ. ಪಕ್ಕದಲ್ಲಿ ಕುಳಿತ ಮುದುಕಿ, "ಇಷ್ಟು ಮುಂಜಾನಿ ಎಲ್ಲಿಗ್ಯೋ ಯಣ್ಣಾ?" ಎಂದಳು. ಪೈಪಿನಲ್ಲಿ ನೀರು ಹೆಪ್ಪುಗಟ್ಟಿದೆ, ಬಿಸಿ ಮಾಡುವ ವಯರ್ ತರಬೇಕು ಎಂದೆ. ಆಕೆ ಇಡೀ ಬಸ್ಸಿಗೆ ಕೇಳುವಂತೆ, "ಕೇಳ್ರಿ ಇಲ್ಲಿ! ನಮ್ಮ ನಳದಾಗ ನೀರೇ ಬರವಲ್ದು, ಇಂವಂದು ನಳದಾಗ ಬರ್ಫ್ ಬೆಳ್ಯಾಕತ್ತಾದಂತ!" ಎಂದು ನಕ್ಕಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ರಾಜೇಶ್ವರ ದಾಟುವಾಗ ಸಂಗಮೇಶನ ಫೋನು: "ಜಲ್ದಿ ಬರ್ರಿ ಕಾಕಾ, ಫ್ಯಾನು ಕೂಗಾಕತ್ತಾದ."

ಹುಮನಾಬಾದಿನಲ್ಲಿ ಇಳಿದು ಒಂದು ಪ್ಲೇಟು ಮಂಡಕ್ಕಿ ಸುಸಲಾ, ಅರ್ಧ ಕಪ್ ಚಹಾ ಮುಗಿಸಿದೆ. ಎಲೆಕ್ಟ್ರಿಕಲ್ ಅಂಗಡಿಯ ಶಟರು ಆಗಷ್ಟೇ ಎತ್ತಿದ್ದರು, ಊದುಬತ್ತಿಯ ಹೊಗೆ ಇನ್ನೂ ಆಡುತ್ತಿತ್ತು. ದುಕಾನದಾರ ಎರಡು ಬಗೆಯ ಕೇಬಲ್ ಮುಂದಿಟ್ಟ. ಒಂದು ಚಪ್ಪಟೆಯದು, ದೊಡ್ಡ ಉರುಳೆಯಿಂದ ಬೇಕಾದಷ್ಟು ಅಳೆದು ಕೊಡುವಂಥದ್ದು. "ಇದು ಶಾಣ್ಯಾ ಅದರಿ. ಪೈಪು ಬೆಚ್ಚಗಾದಂಗ ತಾನೇ ಬಿಸಿ ಕಮ್ಮಿ ಮಾಡ್ಕೋತದ." ಇನ್ನೊಂದು ಡಬ್ಬಿಯಲ್ಲಿ ಸುತ್ತಿಟ್ಟದ್ದು, ಬೆಲೆ ಕಡಿಮೆ. ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳುವ ಮೊದಲೇ ನಾನು ಚೌಕಾಶಿಗೆ ಇಳಿದೆ. ಅವನು ಹೇಳಿದ ಬೆಲೆಯನ್ನು ಅರ್ಧ ಮಾಡಿದೆ.

ಅವನು ನಿಟ್ಟುಸಿರು ಬಿಟ್ಟ. "ಬೋಣಿ ಟೈಮ್ ಅದ, ಹಿರೇರು ಬಂದೀರಿ. ಒಯ್ರಿ." ನನ್ನ ನೋಟುಗಳನ್ನು ಕಣ್ಣಿಗೊತ್ತಿಕೊಂಡು ಗಲ್ಲೆಗೆ ಹಾಕಿದ. ಆಮೇಲೆ, "ಪೈಪು ಎಷ್ಟು ಉದ್ದ ಅದರಿ?" ಎಂದ.

ನಾನು ಎರಡೂ ಕೈ ಚಾಚಿ, "ಒಂದೂವರೆ ಮಾರು," ಎಂದೆ.

ಅವನ ಕೈ ಡಬ್ಬಿಯ ಮೇಲೇ ನಿಂತಿತು. "ಹಂಗಾದ್ರ ಇದು ಬ್ಯಾಡ್ರಿ. ಇದು ಅದರ ಮೂರು ಪಟ್ಟು ಉದ್ದ ಅದ. ಇದನ್ನ ಕತ್ತರಿಸಂಗಿಲ್ಲ. ಕತ್ತರಿಸಿದ್ರ ಉಳಿದ ತುಂಡು ಕೆಂಡ ಆಗ್ತದ. ಒಂದರ ಮ್ಯಾಲ ಒಂದು ಸುತ್ತಂಗೂ ಇಲ್ಲ. ನೀವು ಚಪ್ಪಟಿದೇ ಒಯ್ರಿ."

ಬೋಣಿಯ ಹೊತ್ತಿನಲ್ಲಿ ಆದ ಮಾತು ಮುರಿದರೆ ಅಂಗಡಿಯವನ ದಿನವೆಲ್ಲ ಕೆಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. "ಬೋಣಿ ಮುರಿಯೂ ಮನಿಷ್ಯಾ ಅಲ್ಲ ನಾನು," ಎಂದು ದೊಡ್ಡ ಧರ್ಮಾತ್ಮನಂತೆ ಡಬ್ಬಿ ಎತ್ತಿಕೊಂಡೆ. ಧರ್ಮ ಏನೂ ಇರಲಿಲ್ಲ. ಅರ್ಧ ಬೆಲೆಗೆ ತಂದೆ ಎಂದು ಸಂಗಮೇಶನ ಮುಂದೆ ಹೇಳಬೇಕಿತ್ತು, ಅಷ್ಟೇ. ದುಕಾನದಾರ ಹಿಂದಿನಿಂದ ಕೂಗಿ, "ಕತ್ತರಿಸಬ್ಯಾಡ್ರಿ ಮತ್ತ!" ಎಂದದ್ದು ಚೆನ್ನಾಗಿ ಕೇಳಿಸಿತ್ತು.

ವಾಪಸು ಬರುವ ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲೆ ಭಾರವಾಗಿ ಕುಳಿತಿತ್ತು. ಇಳಿದು ಬದಲಿಸಿ ತರಲೇ ಎಂದು ಒಮ್ಮೆ ಅನಿಸಿತು. ಅಷ್ಟರಲ್ಲಿ ನಮ್ಮೂರಿಗೆ ತಿರುಗುವ ಬಂಗ್ಲಾ ಕ್ರಾಸು ಬಂದೇಬಿಟ್ಟಿತು.

ಫಿಟ್ಟರ್ ಕೇಬಲ್ ಬಿಚ್ಚಿ ನೋಡಿದ. "ಕಾಕಾ, ಭಾಳ ಉದ್ದ ಆಯ್ತಲ್ರಿ. ಕತ್ತರಿಸಿದ್ರ ನಡೀತದೇನ್ರಿ? ದುಕಾನದಾಗ ಏನ್ ಅಂದ್ರು?"

ಸಂಗಮೇಶ ನನ್ನ ಮುಖವನ್ನೇ ನೋಡುತ್ತಿದ್ದ. ಆಗಲೂ ನಿಜ ಹೇಳಬಹುದಿತ್ತು. ಅಷ್ಟರಲ್ಲಿ ಸಂಗಮೇಶನಿಗೆ ಹುಲಸೂರಿನಿಂದ ಫೋನು ಬಂದು ಅವನು ಹೊರಗೆ ಹೋದ. ನಾನು ಫಿಟ್ಟರನಿಗೆ ಹೇಳಿದೆ: "ವಯರ್ ಅಂದ್ರ ವಯರ್. ಕತ್ತರಿಸಿ ತುದಿ ಜೋಡ್ಸು."

ಅವನು ಕತ್ತರಿಸಿ, ತುದಿ ಕೂಡಿಸಿ, ಟೇಪು ಹಾಕಿ ನೀಟಾಗಿ ಸುತ್ತಿದ. ಸ್ವಲ್ಪ ಹೊತ್ತಿಗೆ ಪೈಪಿನಿಂದ ನೀರು ಹನಿಯಿತು. ಸಂಗಮೇಶ ನನ್ನ ಕಾಲು ಮುಟ್ಟಿದ. ನಾನು ಮನೆಗೆ ಹೋಗಿ ಉಂಡು ಮಲಗಿದೆ.

ಸಂಜೆ ಕೂಗಾಟ ಕೇಳಿ ಓಡಿದೆ. ಪೈಪು ಮೇಣದಂತೆ ಬಾಗಿತ್ತು, ಗೋಡೆಯ ಫೋಮ್ ಕರ್ರಗೆ ಹೊಗೆಯಾಡುತ್ತಿತ್ತು. ಫಿಟ್ಟರ್ ಕರೆಂಟು ತೆಗೆದು, ಕಾದ ಕೇಬಲನ್ನು ಬರಿಗೈಯಿಂದ ಕಿತ್ತೆಸೆದಿದ್ದ. ಇಲ್ಲದಿದ್ದರೆ ಕೋಣೆಯೇ ಉರಿಯುತ್ತಿತ್ತು. ಕುಲ್ಫಿಗೆಲ್ಲ ಸುಟ್ಟ ವಾಸನೆ.

"ಯಾವ ಹುಚ್ಚ ಕತ್ತರಿಸಂದ ನಿನಗ?" ಸಂಗಮೇಶ ಅರಚಿದ.

ಫಿಟ್ಟರ್ ಬಲಗೈಯನ್ನು ನೀರಿನ ಬಕೆಟಿನಲ್ಲಿ ಅದ್ದಿಕೊಂಡು ಕುಳಿತಿದ್ದ. ನನ್ನ ಕಡೆ ನೋಡಿ, "ಕಾಕಾ... ನೀವೇ ಅಂದ್ರಲ್ಲ?" ಎಂದ.

"ನಾನಾ? ನಲವತ್ತು ವರ್ಷ ವಯರಿಂಗ್ ಮಾಡಿದವ ನಾ ಹಂಗ ಅಂತೀನೇನು?"

ಅವನು ಬಕೆಟಿನೊಳಗೆ ನೋಡುತ್ತ ಕುಳಿತ. ಮರುದಿನದಿಂದ ಅವನಿಗೆ ಅಲ್ಲಿ ಕೆಲಸವಿರಲಿಲ್ಲ. ಬಸವಕಲ್ಯಾಣದಲ್ಲಿ ಬೇರೆ ಯಾರೂ ಕರೆಯಲಿಲ್ಲ. ಕೋಣೆ ಸುಟ್ಟ ಫಿಟ್ಟರ್ ಎಂಬ ಹೆಸರು ಅಂಟಿತ್ತು. ಆಮೇಲೆ ಸಂಗಮೇಶ ಚಪ್ಪಟೆ ಕೇಬಲ್ಲನ್ನೇ ತರಿಸಿ ಹಾಕಿಸಿದ. ಅದು ಇವತ್ತಿಗೂ ನಡೆಯುತ್ತಿದೆ.

ಹೋದ ವಾರ ಕಣ್ಣು ತೋರಿಸಲು ಮತ್ತೆ ಹುಮನಾಬಾದಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್ಸು ಮೋಟಾರು ರಿಪೇರಿಯ ಒಂದು ಅಂಗಡಿಯ ಮುಂದೆ ನಿಂತಿತು. ತಾಮ್ರದ ತಂತಿ ಸುತ್ತುತ್ತ ಕುಳಿತವನು ತಲೆ ಎತ್ತಿದ. ಅವನೇ.

"ಕಾಕಾ! ಆರಾಮ ಇದ್ದೀರಿಲ್ಲ?"

"ಹೂಂ."

"ಪೈಪು ಈಗ ಬಂದ್ ಆಗಂಗಿಲ್ಲಲ್ರಿ?"

"ಇಲ್ಲಪ್ಪ," ಎಂದೆ. ಇನ್ನೊಂದು ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಬಸ್ಸು ಹೊರಟಿತು. ಅವನು ಬಲಗೈ ಎತ್ತಿದ. ಅಂಗೈಯ ಸುಟ್ಟ ಚರ್ಮ ಬಿಸಿಲಿಗೆ ನುಣ್ಣಗೆ ಹೊಳೆಯಿತು. ಹೊರಳಿ ಹೊರಳಿ ನೋಡಿದೆ, ತಿರುವು ಬರುವ ತನಕ ಆ ಕೈ ಮೇಲೆಯೇ ಇತ್ತು.

ಅವನು ಕೊಡಂಬಲದವನು. ಹೆಸರು ಝರೆಪ್ಪ.