ಗೆಳತಿಗೆ ಧಾರೆ ಎರೆದದ್ದು

ಆ ಚೀನೀ ಸಿನಿಮಾ ನೋಡದೇ ಇದ್ದಿದ್ದರೆ ನಾನು ನನ್ನ ಗಂಡನನ್ನು ರಸಿಕ ಅಂತ ಅಂದುಕೊಳ್ಳುತ್ತಲೇ ಇರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವರಿಗೆ ಅಂಥ ಗೌರವ ಸಿಕ್ಕಿದ್ದು ಅದೊಂದೇ ಸಂಜೆ.

ಸಿನಿಮಾ ಹಾಕಿದವಳು ನನ್ನ ಗೆಳತಿ. ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು ನಾವು. ಮದುವೆಯಾದ ಮೇಲೆ ಇಬ್ಬರೂ ಟೆಕ್ಸಾಸ್‌ಗೇ ಬಂದು ಬಿದ್ದದ್ದು ದೇವರ ದಯೆ. ಅವಳು ಡಾಲಸ್ ಕಡೆ ಲೂಯಿಸ್‌ವಿಲ್‌ನಲ್ಲಿ, ನಾನು ಹ್ಯೂಸ್ಟನ್ ಪಕ್ಕ ಶುಗರ್ ಲ್ಯಾಂಡ್‌ನಲ್ಲಿ. ಮಧ್ಯೆ ಅರ್ಧ ದಿನದ ಡ್ರೈವ್ ಇಟ್ಟಿರುವುದೂ ದೇವರ ದಯೆಯೇ ಅಂತ ನಮ್ಮ ಮನೆಯವರು ಹೇಳುತ್ತಿರುತ್ತಾರೆ. ಅವಳ ಗಂಡ ತೀರಿಕೊಂಡ ಮೇಲೆ ಶುರುವಾದ ಒಂದು ಪದ್ಧತಿ ನಮ್ಮದು: ದಿನಾ ಬೆಳಿಗ್ಗೆ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ವಿಷ್ಣು ಸಹಸ್ರನಾಮ ಓದುವುದು. ಅವಳದೊಂದು ಶ್ಲೋಕ, ನನ್ನದೊಂದು. ನನ್ನ ಸರದಿಯಲ್ಲಿ ಭಕ್ತಿ, ಅವಳ ಸರದಿಯಲ್ಲಿ ಕಾಫಿ. ಭಗವಂತ ಇಷ್ಟು ವರ್ಷ ಸಹಿಸಿಕೊಂಡಿದ್ದಾನೆ.

ಆ ಶನಿವಾರ ಅವಳು ನಮ್ಮ ಮನೆಗೆ ಬಂದಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಸಿನಿಮಾ. ನದಿ ದಡದಲ್ಲಿ ನೂಡಲ್ಸ್ ಮಾರುವ ಇಬ್ಬರು ಹುಡುಗಿಯರು, ಪ್ರಾಣಸ್ನೇಹಿತೆಯರು. ಅಲ್ಲಿಗೊಬ್ಬ ದೋಣಿಯವನು ಬರುತ್ತಾನೆ. ಅಲ್ಲಿಂದ ಮುಂದೆ ಮುದುಕಿಯರಾಗುವ ತನಕ ಇಬ್ಬರಿಗೂ ನೆಮ್ಮದಿಯಿಲ್ಲ. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ಮುಗಿಸುವಷ್ಟರಲ್ಲಿ ಮೇಲೆ ಯಾರೋ ಅಳುತ್ತಿರುತ್ತಿದ್ದರು. ಮಧ್ಯೆ ರಾತ್ರಿಗೆ ಕಡಲೆಕಾಳು ನೆನೆಹಾಕಲು ಎದ್ದು ಹೋದವಳು ಬರುವಷ್ಟರಲ್ಲಿ ಒಂದು ಮದುವೆಯೇ ಆಗಿಹೋಗಿತ್ತು. ಯಾರದು ಅಂತ ಕೇಳಲಿಲ್ಲ, ಸುಮ್ಮನೆ ನಾನೂ ಅತ್ತೆ. ನಮ್ಮವರು ಪಕ್ಕದ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದರು.

ಮುಗಿದ ಮೇಲೆ ಗೆಳತಿ ಅಡಿಗೆಮನೆಗೆ ಬಂದು, ನಿನಗೊಂದು ವಿಷಯ ಹೇಳಬೇಕು, ಬೈಬಾರದು ಅಂದಳು. ಹೇಳು ಅಂದೆ. ಅವಳು ಸೋಫಾದ ಕಡೆ ನೋಡಿದಳು. ಇಲ್ಲಿ ಬೇಡ, ನಾಳೆ ದೇವಸ್ಥಾನದಲ್ಲಿ ಹೇಳುತ್ತೇನೆ ಅಂದಳು.

ಸೋಫಾದ ಕಡೆ ಯಾಕೆ ನೋಡಿದಳು? ರಾತ್ರಿ ಊಟಕ್ಕೆ ಕೂತಾಗ ಲೆಕ್ಕ ಹಾಕುತ್ತಾ ಹೋದೆ. ಇವರ ತಟ್ಟೆಗೆ ಅವಳೇ ತುಪ್ಪ ಬಡಿಸಿದಳು. ನಾನು ಮಾಡಿದ ಸಾರಿಗೆ ಎಂದೂ ಬಾಯಿ ಬಿಡದವರು, ಅವಳು ಮಾಡಿದ ಗೊಜ್ಜಿಗೆ ‘ಚೆನ್ನಾಗಿದೆ’ ಅಂದರು. ಕನ್ನಡಕ ತಲೆ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಮನುಷ್ಯ, ಕಾಲಿಗೆ ಬೇರೆ ಬೇರೆ ಬಣ್ಣದ ಸಾಕ್ಸ್. ಆದರೆ ಆ ದೋಣಿಯವನೇನು ದೊಡ್ಡ ಸುಂದರನಾಗಿದ್ದನೇ? ಮಲಗುವಾಗ ದೇವರಿಗೆ ಕೈಮುಗಿದು, ಏನಾದರೂ ಆಗಲಿ, ಇಬ್ಬರಲ್ಲಿ ಗೆಳತಿಯನ್ನು ನನಗೆ ಬಿಡು ಅಂತ ಬೇಡಿಕೊಂಡೆ. ಗಂಡನ ಹೆಸರು ಆ ಪ್ರಾರ್ಥನೆಯಲ್ಲಿ ಬರಲೇ ಇಲ್ಲ. ಬೆಳಿಗ್ಗೆ ಅದು ನೆನಪಾಗಿ ಅವರಿಗೆ ಎರಡು ದೋಸೆ ಜಾಸ್ತಿ ಹಾಕಿದೆ.

ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುತ್ತಲೇ ಇದ್ದೆ. ನಿಂತರೆ ಅವಳು ಹೇಳಿಬಿಡುತ್ತಾಳಲ್ಲ. ಕೊನೆಗೆ ಚಪ್ಪಲಿ ಬಿಡುವ ಜಾಗದ ಬೆಂಚಿನ ಮೇಲೆ ಕೂರಿಸಿಕೊಂಡಳು.

“ಆಸ್ಟಿನ್‌ನಲ್ಲಿ ಒಬ್ಬರಿದ್ದಾರೆ ಕಣೇ. ಅವರ ಹೆಂಡತಿಯೂ ಹೋಗಿಬಿಟ್ಟಿದ್ದಾರೆ. ಮದುವೆ ಮಾಡಿಕೊಳ್ಳೋಣ ಅಂತಿದೀವಿ. ನನಗೆ ಅಪ್ಪ ಅಮ್ಮ ಇಲ್ಲ, ಧಾರೆಗೆ ನೀವಿಬ್ಬರೂ ಕೂರಬೇಕು.”

ಆಸ್ಟಿನ್! ಸದ್ಯ, ಸೋಫಾ ಅಲ್ಲ. ನನಗೆ ನಗು ಬಂದುಬಿಟ್ಟಿತು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಗುವಂಥದ್ದು. ಅರ್ಚಕರು ಹೊರಗೆ ಇಣುಕಿ ನೋಡಿದರು.

ಅವಳು ಬೆಂಚಿನಿಂದ ಎದ್ದು ನಿಂತಳು. “ಈ ವಯಸ್ಸಲ್ಲಿ ಇದೆಲ್ಲಾ ಬೇಕಾ ಅಂತ ಜನ ನಗ್ತಾರೆ ಅಂತ ಗೊತ್ತಿತ್ತು. ನೀನು ನಗ್ತೀಯಾ ಅಂತ ಗೊತ್ತಿರಲಿಲ್ಲ,” ಅಂದಳು. ಪ್ರಸಾದಕ್ಕೂ ಕಾಯದೆ ಕಾರು ಹತ್ತಿದಳು. ನಾನು ಯಾಕೆ ನಕ್ಕೆ ಅಂತ ಹೇಗೆ ಹೇಳಲಿ? ನನ್ನ ಗಂಡನ ಜೊತೆ ನಿನ್ನನ್ನು ಗಂಟು ಹಾಕಿ ನೋಡಿದ್ದೆ ಅಂತ ದೇವರ ಎದುರಿಗೆ ನಿಂತು ಹೇಳುವುದೇ?

ಮರುದಿನ ಫೋನ್ ಬರಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಒಬ್ಬಳೇ ಓದಲು ಕೂತರೆ ನನಗೆ ಬರುತ್ತಿದ್ದದ್ದು ನನ್ನ ಸರದಿಯ ಶ್ಲೋಕಗಳು ಮಾತ್ರ ಅಂತ ಗೊತ್ತಾಯಿತು. ದೇವರ ಅರ್ಧ ಹೆಸರುಗಳನ್ನಷ್ಟೇ ಕರೆದು ಏಳುತ್ತಿದ್ದೆ.

ಇನ್ನೊಂದು ನಿಜವನ್ನೂ ಹೇಳಬೇಕು. ಗಂಡನ ಮೇಲಿನ ಹೊಟ್ಟೆಕಿಚ್ಚು ಒಂದೇ ರಾತ್ರಿಯದು. ಆ ಆಸ್ಟಿನ್ ಮನುಷ್ಯನ ಮೇಲಿನದು ಆರಲೇ ಇಲ್ಲ. ಅವನ್ಯಾರು ನಮ್ಮ ಮಧ್ಯೆ? ಅದಕ್ಕೆ ಶಾಸ್ತ್ರದ ಸೆರಗು ಹಿಡಿದುಕೊಂಡೆ. ನನ್ನ ವಯಸ್ಸಿನವಳನ್ನೇ ಮಗಳು ಅಂತ ಧಾರೆ ಎರೆದುಕೊಡಬಹುದಾ ಅಂತ ಇಲ್ಲಿನ ಪುರೋಹಿತರಿಗೆ ಫೋನ್ ಮಾಡಿದೆ. ಆಗದು ಅನ್ನುತ್ತಾರೆ ಅಂತಿದ್ದೆ. ಧಾರಾಳವಾಗಿ ಮಾಡಿ ತಾಯೀ, ಪುಣ್ಯದ ಕೆಲಸ ಅಂದರು. ಡಾಕ್ಟರ ವಿಷಯದಲ್ಲಿ ಸೆಕೆಂಡ್ ಒಪೀನಿಯನ್ ತಗೊಳ್ಳುವುದಿಲ್ಲವೇ, ಹಾಗೆ ಡಾಲಸ್‌ನ ಪುರೋಹಿತರನ್ನೂ ಕೇಳಿದೆ. ಅವರು ಇನ್ನೂ ಮುಂದೆ ಹೋಗಿ, ಊಟಕ್ಕೆ ಎಷ್ಟು ಜನ ಅಂತ ವಿಚಾರಿಸಿದರು.

ಕೊನೆಗೆ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡರೆ, ಪೇಪರ್ ಕೆಳಗಿಟ್ಟು ತಲೆಗೂದಲು ನೇವರಿಸಿಕೊಂಡರು.

“ನನ್ನನ್ನಾ?” ಅಂದರು. ಆಮೇಲೆ, “ನಿಜವಾಗ್ಲೂ ಹಾಗನ್ನಿಸ್ತಾ ನಿನಗೆ?”

ಅಷ್ಟು ಸಂತೋಷವಾಗಿ ಅವರು ಕಾರು ತೆಗೆದದ್ದನ್ನು ನಾನು ನೋಡಿರಲಿಲ್ಲ. ಲೂಯಿಸ್‌ವಿಲ್ ತನಕ ಹಳೇ ಹಾಡು ಗುನುಗಿಕೊಂಡೇ ಡ್ರೈವ್ ಮಾಡಿದರು. ದಾರಿಯಲ್ಲಿ ಮಳೆ ಬರಲಿಲ್ಲ, ಟ್ರಾಫಿಕ್ಕೂ ಇರಲಿಲ್ಲ. ಅಂಥ ದಿನ ದೇವರು ಕಷ್ಟವನ್ನು ತಲುಪಿದ ಮೇಲೆ ಕೊಡುತ್ತಾನೆ.

ಅವಳು ಬಾಗಿಲು ತೆಗೆದಳು, ಬಾ ಅನ್ನಲಿಲ್ಲ. ಹೊಸಿಲಾಚೆಯೇ ನಿಂತು, ಯಾಕೆ ನಕ್ಕೆ ಅಂತ ಒಂದೂ ಬಿಡದೆ ಹೇಳಿದೆ. ತುಪ್ಪ, ಗೊಜ್ಜು, ದೋಣಿಯವನು, ಎಲ್ಲ. ಅವಳು ನನ್ನನ್ನು ನೋಡಿದಳು. ಕಾರಿನ ಪಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದ ನಮ್ಮವರನ್ನು ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಹಾಗೇ ಕೆಳಗೆ ಕುಸಿದು ನಕ್ಕಳು. ಉಸಿರು ಸಿಗದಷ್ಟು ನಕ್ಕಳು. ನನಗೇ ಕಸಿವಿಸಿಯಾಯಿತು.

“ಅಷ್ಟೇನೂ ಕೆಟ್ಟದಾಗಿಲ್ಲ ಕಣೇ ಅವರು,” ಅಂದೆ.

ಕಣ್ಣು ಒರೆಸಿಕೊಂಡು ಕೇಳಿದಳು, ಹಾಗಾದರೆ ಮದುವೆ ವಿಷಯಕ್ಕೆ ನಿನಗೆ ಬೇಜಾರಿಲ್ಲವಾ ಅಂತ.

“ಬೇಜಾರಿದೆ. ಅವರ ಮನೆಗೆ ಹೋಗಿಬಿಡ್ತೀಯ. ಬೆಳಿಗ್ಗೆ ನನ್ನ ಜೊತೆ ಯಾರು ಓದ್ತಾರೆ?”

“ಆಸ್ಟಿನ್‌ನಲ್ಲೂ ಬೆಳಗಾಗುತ್ತೆ ಕಣೇ, ಪೆದ್ದಿ. ಒಳಗೆ ಬಾ.”

ಮದುವೆ ಆಸ್ಟಿನ್‌ನ ದೇವಸ್ಥಾನದಲ್ಲಿ ಆಯಿತು. ನಾನು ಕಲ್ಪಿಸಿಕೊಂಡಿದ್ದ ಖಳನಾಯಕ ಬಹಳ ಮೆತ್ತಗಿನ ಮನುಷ್ಯ. ವಯಸ್ಸಿನಲ್ಲಿ ನಮ್ಮವರಿಗಿಂತ ದೊಡ್ಡವರು, ಆದರೂ ಮಾವ ಅಂತ ಕಾಲು ಮುಟ್ಟಲು ಬಂದಾಗ ನಮ್ಮವರು ಹೆದರಿ ಎರಡು ಹೆಜ್ಜೆ ಹಿಂದಕ್ಕೆ ಹೋದರು. ವರನ ಕೈ, ಅದರ ಮೇಲೆ ಅವಳ ಕೈ, ತೆಂಗಿನಕಾಯಿ, ನಮ್ಮವರ ಕೈ. ಮೇಲಿಂದ ನೀರು ಬಿಡುವುದು ನನ್ನ ಕೆಲಸ. ನಿಧಾನ ತಾಯೀ, ಧಾರೆ ತುಂಡಾಗಬಾರದು ಅಂದರು ಪುರೋಹಿತರು. ನನಗೆ ಕಣ್ಣು ಮಂಜಾಗಿ ಅರ್ಧ ನೀರು ನಮ್ಮವರ ಪಂಚೆಯ ಮೇಲೆ ಹೋಯಿತು. ಉಳಿದರ್ಧ ಸೇರಬೇಕಾದ ಕೈ ಸೇರಿತು, ಅಷ್ಟು ಸಾಕು.

ಆಮೇಲೆ ಅವಳು ನಮ್ಮ ಕಾಲಿಗೆ ಬಿದ್ದಳು, ಮಗಳು ಬೀಳುವ ಹಾಗೆ. ಗಂಡ ಹೋದಾಗಿನಿಂದ ಅವಳಿಗೆ ಯಾರೂ ಹೇಳದೇ ಇದ್ದ ಆಶೀರ್ವಾದವೊಂದಿತ್ತು. ಹಬ್ಬಗಳಲ್ಲಿ ಆ ಮಾತು ಅವಳನ್ನು ದಾಟಿ ಪಕ್ಕದವಳಿಗೆ ಹೋಗುತ್ತಿದ್ದುದನ್ನು ನಾನು ನೋಡಿದ್ದೆ. ಅವಳ ತಲೆಯ ಮೇಲೆ ಕೈಯಿಟ್ಟು, ಗಟ್ಟಿಯಾಗಿ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಹೇಳಿದೆ: “ದೀರ್ಘ ಸುಮಂಗಲೀ ಭವ.”

ಅವಳು ಏಳಲಿಲ್ಲ. ಅಳುತ್ತಿದ್ದಾಳೆ ಅಂತ ಬಗ್ಗಿ ಕೇಳಿದರೆ, ಮಂಡಿ ಹಿಡಿದುಕೊಂಡಿದೆ, ಎತ್ತೇ ಅಂದಳು.