ಕೈಗೆಟುಕದ ನಾಲ್ಕು ಬೆರಳು ಜಾಗ

ನನ್ನ ಬೆನ್ನಿನ ನಡುವೆ ನಾಲ್ಕು ಬೆರಳಿನಷ್ಟು ಜಾಗವಿದೆ. ಹೆಗಲ ಮೇಲಿನಿಂದ ಹೋದರೆ ಬಲಗೈ ಅಲ್ಲಿಗೆ ಮುಟ್ಟುವುದಿಲ್ಲ, ಸೊಂಟದ ಕಡೆಯಿಂದ ಹೋದರೆ ಎಡಗೈ ಮುಟ್ಟುವುದಿಲ್ಲ. ಎಲ್ಲರಿಗೂ ಇರುತ್ತದೆ. ಎಣ್ಣೆ ಹಚ್ಚುವವರು ಇರುವ ತನಕ ಅಂಥದ್ದೊಂದು ಜಾಗ ಇದೆ ಅಂತಲೇ ಗೊತ್ತಾಗುವುದಿಲ್ಲ.

ನನಗೆ ಹಚ್ಚುತ್ತಿದ್ದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಅಮೃತಹಳ್ಳಿಯಲ್ಲಿ ನಮಗೆ ದ್ರಾಕ್ಷಿ ತೋಟ ಇದ್ದ ಕಾಲದ ಮಾತು. ಶುಕ್ರವಾರ ಬೆಳಿಗ್ಗೆ ಗಂಡಸರು ತೋಟಕ್ಕೆ ಹೋದ ಮೇಲೆ ಬಚ್ಚಲಲ್ಲಿ ಹಂಡೆಗೆ ಉರಿ ಹಾಕಿ, ಬಟ್ಟಲಲ್ಲಿ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಕೂರುತ್ತಿದ್ದೆವು. ಮೊದಲು ಅವಳು ನನಗೆ. ಕತ್ತಿನಿಂದ ಸೊಂಟದ ತನಕ ಅಂಗೈಯ ಬುಡದಲ್ಲಿ ಉಜ್ಜುವಳು. ಅದು ಮುಗಿದರೆ ನಾನು ‘ತಿರುಗು’ ಅನ್ನುತ್ತಿದ್ದೆ. ಅವಳು ತಿರುಗಿ ಕೂರುವಳು, ನಾನು ಅವಳಿಗೆ. ಆಮೇಲೆ ಸೀಗೇಪುಡಿ, ಸುಡುಸುಡು ನೀರು. ಮಧ್ಯಾಹ್ನ ಉಂಡು ಮಲಗಿದರೆ ಹೆಣ ಬಿದ್ದಂತೆ ನಿದ್ದೆ.

ನಮ್ಮದೇನು ಭಾರಿ ಪ್ರೀತಿಯಲ್ಲ. ಬಾವಿ ಪಕ್ಕದ ತುಂಡು ಜಾಗ ಯಾರಿಗೆ ಸೇರಬೇಕು ಅಂತ ಜಗಳವಾಗಿ ಒಂದೂವರೆ ವರ್ಷ ಮಾತು ಬಿಟ್ಟಿದ್ದೆವು. ಒಲೆ ಬೇರೆ ಮಾಡಿಕೊಂಡೆವು, ದನದ ಕೊಟ್ಟಿಗೆಗೆ ಅಡ್ಡ ಗೋಡೆ ಎಬ್ಬಿಸಿದೆವು. ಶುಕ್ರವಾರದ ಎಣ್ಣೆ ಮಾತ್ರ ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಅವಳು ಬಟ್ಟಲು ಹಿಡಿದುಕೊಂಡು ಬಚ್ಚಲಿಗೆ ಬರುತ್ತಿದ್ದಳು. ಆ ಒಂದೂವರೆ ವರ್ಷದಲ್ಲಿ ನಮ್ಮಿಬ್ಬರ ನಡುವೆ ಆಡಿದ ಮಾತು ಅದೊಂದೇ, ತಿರುಗು. ಸಿಟ್ಟು ಜಾಸ್ತಿಯಿದ್ದ ವಾರ ಚರ್ಮ ಕಿತ್ತುಬರುವ ಹಾಗೆ ಉಜ್ಜುತ್ತಿದ್ದಳು. ನಾನೂ ಕಮ್ಮಿ ಮಾಡಲಿಲ್ಲ.

ತೋಟ ಹೋಗಿ ಅಲ್ಲೇ ಅಪಾರ್ಟ್‌ಮೆಂಟ್ ಎದ್ದಾಗ ನಮಗೆ ಮೊದಲ ಮಹಡಿ, ಅವರಿಗೆ ಮೂರನೇದು ಬಂತು. ಹಂಡೆ ಹೋಗಿ ಗೀಸರ್ ಬಂತು. ಅವಳು ಲಿಫ್ಟಿಗೆ ಹೆದರಿ ಮೆಟ್ಟಿಲು ಇಳಿದೇ ಬರುತ್ತಿದ್ದಳು, ಕೈಯಲ್ಲಿ ಅದೇ ಬಟ್ಟಲು. ಹೋದ ವರ್ಷದ ಹಿಂದಿನ ವರ್ಷ ಸತ್ತಳು. ನಾನು ಅಳಲಿಲ್ಲ, ನಮ್ಮ ವಯಸ್ಸಿನಲ್ಲಿ ಸಾಯುವುದೇನು ದೊಡ್ಡ ಸುದ್ದಿಯಲ್ಲ. ತಿಥಿ ಎಲ್ಲ ಕಳೆದು ಮೊದಲನೇ ಶುಕ್ರವಾರ ಎಣ್ಣೆ ಬೆಚ್ಚಗೆ ಮಾಡಿ ಬಚ್ಚಲಿಗೆ ಹೋಗಿ ಕೂತೆ. ಕೈ ಹಿಂದಕ್ಕೆ ಚಾಚಿದೆ. ನಾಲ್ಕು ಬೆರಳು ಸಾಲಲಿಲ್ಲ.

ಸೊಸೆಯನ್ನು ಕೇಳಬಹುದಿತ್ತು. ಇಲ್ಲ ಅನ್ನುವವಳಲ್ಲ. ಆದರೆ ಅವಳ ಬಾಣಂತನದಲ್ಲಿ ಎಣ್ಣೆ ಹಚ್ಚಿದವಳು ನಾನು. ನನ್ನ ಕೈ ಒರಟು, ಹಚ್ಚುವುದೂ ಒರಟು. ಮೂರನೇ ದಿನ ಅವಳು ತಾಯಿಗೆ ಫೋನು ಮಾಡಿ, ಇವರ ಕೈ ಉಪ್ಪುಕಾಗದ ಇದ್ದಂಗಿದೆ ಅಂತ ಅತ್ತದ್ದು ಬಾಗಿಲಾಚೆ ನನಗೆ ಕೇಳಿಸಿತು. ಮಾರನೇ ದಿನದಿಂದ ಅವಳ ತಾಯಿಯೇ ಬಂದು ಹಚ್ಚಿದರು. ಅದರಲ್ಲಿ ತಪ್ಪೇನಿಲ್ಲ. ಆದರೆ ನನ್ನ ಕೈಯಿಂದ ತಪ್ಪಿಸಿಕೊಂಡ ಬೆನ್ನಿನವಳಿಗೆ ಈಗ ನನ್ನ ಬೆನ್ನು ಹೇಗೆ ಒಡ್ಡಲಿ.

ಮಂಡಿ ನೋವಿಗೆ ಡಾಕ್ಟರು ಓಡಾಡಿ ಅಂದರು ಅಂತ ಸೊಸೆಯೇ ನನ್ನನ್ನು ಪಾರ್ಕಿನ ಯೋಗಕ್ಕೆ ಸೇರಿಸಿದಳು. ಬೆಳಿಗ್ಗೆ ಆರಕ್ಕೆ ಇಪ್ಪತ್ತು ಜನ ಚಾಪೆ ಹಿಡಿದುಕೊಂಡು ಬರುತ್ತಾರೆ. ಯೋಗದ ಮಾಸ್ಟರು ಒಳ್ಳೆಯವರು. ಹೆಂಗಸರನ್ನು ಮುಟ್ಟುವುದಿಲ್ಲ, ಸೊಂಟ ಡೊಂಕಾದರೆ ಒಂದು ಬಿದಿರು ಕೋಲಿನ ತುದಿಯಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತಾರೆ. ಸೂರ್ಯ, ಚಂದ್ರ ಅಂತ ಅವರು ಹೇಳಿದ್ದು ಯಾವುದೂ ನನ್ನ ತಲೆಗೆ ಹತ್ತಲಿಲ್ಲ. ಒಂದು ಆಸನ ಮಾತ್ರ ಹತ್ತಿತು. ಒಂದು ಕೈ ಮೇಲಿನಿಂದ, ಒಂದು ಕೈ ಕೆಳಗಿನಿಂದ ಬೆನ್ನ ಹಿಂದೆ ತಂದು ಬೆರಳಿಗೆ ಬೆರಳು ಕೊಂಡಿ ಹಾಕುವುದು. ಹಸುವಿನ ಮುಖದ ಆಸನವಂತೆ. ಹಸು ನನಗೆ ಬೇಡ. ನನಗೆ ಬೇಕಾಗಿದ್ದು ಆ ನಾಲ್ಕು ಬೆರಳು ಜಾಗ.

ಅದನ್ನೇ ಹಿಡಿದುಕೊಂಡೆ. ಮನೆಯಲ್ಲಿ ಟಿವಿ ಮುಂದೆ, ಕುಕ್ಕರು ಕೂಗುವ ತನಕ, ಬಟ್ಟೆ ಒಣಹಾಕುವ ಮುಂಚೆ, ಹಳೇ ಟವೆಲ್ಲಿನ ಎರಡು ತುದಿ ಹಿಡಿದು ಎಳೆದೆ. ಅಜ್ಜಿಗೆ ಯೋಗದ ಮೇಲೆ ಎಷ್ಟು ಭಕ್ತಿ ಅಂತ ಮಾಸ್ಟರು ಬೇರೆಯವರಿಗೆ ಹೇಳಿದರು.

ನನ್ನ ಪಕ್ಕದ ಚಾಪೆಯವರು ರಿಟೈರಾದ ಟೀಚರು. ಮೇಡಮ್ಮೋರು ಅಂತ ಕರೆಯುತ್ತೇನೆ. ನಾನು ಮೂರನೇ ಕ್ಲಾಸಿಗೆ ಬಿಟ್ಟವಳು ಅಂದಾಗ, ಅದಕ್ಕೇನು ಈಗ ಕಲೀರಿ ಅಂತ ನಾಲ್ಕು ಗೆರೆಯ ಕಾಪಿ ಪುಸ್ತಕ ತಂದುಕೊಟ್ಟರು. ದಿನಕ್ಕೊಂದು ಪುಟ ಏನಾದರೂ ಬರೆಯಬೇಕು, ಯೋಗ ಮುಗಿದ ಮೇಲೆ ಕಲ್ಲುಬೆಂಚಿನ ಮೇಲೆ ಕೂತು ಅವರು ತಿದ್ದುವುದು. ಒತ್ತಕ್ಷರ ನನಗೆ ಈಗಲೂ ಕಾಲು ಜಾರಿದ ಹಾಗೆ ಎಲ್ಲೆಲ್ಲೋ ಬೀಳುತ್ತದೆ. ಆದರೆ ಬಸ್ಸಿನ ಬೋರ್ಡು ಓದುತ್ತೇನೆ, ಪೇಪರಿನಲ್ಲಿ ಸತ್ತವರ ಹೆಸರು ಓದುತ್ತೇನೆ.

ಮೇಡಮ್ಮೋರೂ ನನ್ನ ಹಾಗೆ ಗಂಡ ಹೋದವರು. ಒಂದು ದಿನ ಬಗ್ಗಿದಾಗ ಅವರ ರವಿಕೆಯ ಹಿಂದೆ ಬೆನ್ನು ಕಂಡಿತು. ಬೂದಿ ಮೆತ್ತಿದ ಹಾಗೆ ಒಣಗಿ ಬೆಳ್ಳಗಾಗಿತ್ತು. ಇವರಿಗೂ ಹಚ್ಚುವವರು ಯಾರೂ ಇಲ್ಲ ಅಂತ ಗೊತ್ತಾಯಿತು. ನಾಲ್ಕು ದಿನ ಯೋಚನೆ ಮಾಡಿದೆ. ಗುರುವಾರ ಚಾಪೆ ಸುತ್ತುವಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ನಾಳೆ ಸುಕ್ರವಾರ, ನಮ್ಮನೇಗ್ ಬನ್ನಿ ಮೇಡಮ್ಮೋರೆ. ಇಬ್ರೂ ಎಣ್ಣೆ ಆಕ್ಕೊಳಾಣ.”

ಮೇಡಮ್ಮೋರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಹಿಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕಂದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಬಾಯಿ ಜೋರು.

“ಅಜ್ಜಿ, ನೆಂಚ್ಕೊಳ್ಳೋಕೆ ಏನ್ ತರ್ಬೇಕು?”

ನೆಂಚಿಕೊಳ್ಳುವ ಮಾತು ಯಾಕೆ ಬಂತೋ ತಿಳಿಯಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ.

“ನೀವೇನೂ ತರ್ಬೇಡಿ ಕಣ್ರವ್ವ. ಸೀಗೇಪುಡಿ ಐತೆ.”

ಅಷ್ಟೇ. ಇಪ್ಪತ್ತು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಮ್ಮೋರು ಕಣ್ಣೀರು ಒರೆಸಿಕೊಂಡು ನಕ್ಕರು. ಮಾಸ್ಟರು ಕೋಲು ಊರಿಕೊಂಡು, ನಾಳೆ ನಗುವ ವ್ಯಾಯಾಮ ಬೇಡ, ಇವತ್ತೇ ಆಗಿಹೋಯಿತು ಅಂದರು. ನನಗೆ ಏನೂ ಅರ್ಥವಾಗದೆ ನಾನೂ ಸ್ವಲ್ಪ ನಕ್ಕೆ.

ಮನೆಗೆ ಬಂದು ಕಾಲೇಜಿಗೆ ಹೋಗುವ ಮೊಮ್ಮಗಳನ್ನು ಕೇಳಿದೆ. ಅವಳು ಬಿದ್ದು ಬಿದ್ದು ನಕ್ಕ ಮೇಲೆ ಹೇಳಿದಳು.

“ಅಜ್ಜಿ, ಎಣ್ಣೆ ಹಾಕೋದು ಅಂದ್ರೆ ಕುಡಿಯೋದು. ನೀನು ಟೀಚರನ್ನ ಡ್ರಿಂಕ್ಸ್ ಪಾರ್ಟಿಗ್ ಕರ್ದಿದೀಯ.”

ನಮ್ಮ ಕಾಲದಲ್ಲಿ ಕುಡಿಯುವುದನ್ನು ಕುಡಿಯುವುದು ಅಂತಲೇ ಅನ್ನುತ್ತಿದ್ದೆವು. ಎಣ್ಣೆಯ ಹೆಸರನ್ನು ಅದಕ್ಕೆ ಯಾಕೆ ಕೊಟ್ಟರೋ. ಪಾರ್ಕಿನಲ್ಲಿ ನನಗೆ ಪಾರ್ಟಿ ಅಜ್ಜಿ ಅಂತ ಹೆಸರಾಯಿತು. ಅದಕ್ಕೆ ಬೇಜಾರಿಲ್ಲ. ಜೀವಮಾನದಲ್ಲಿ ಒಂದು ಸಲ ಬಾಯಿಬಿಟ್ಟು ಕೇಳಿದ್ದು ತಮಾಷೆಯಾಗಿ ಹೋಯಿತಲ್ಲ, ಅದಕ್ಕೆ ಬೇಜಾರು. ಎಲ್ಲರೂ ನಕ್ಕಾದ ಮೇಲೆ, ನಾನು ನಿಜವಾಗಿ ಕೇಳಿದ್ದು ಇಂಥದ್ದು ಅಂತ ಬಿಡಿಸಿ ಹೇಳುವುದಕ್ಕೆ ನಾಲಿಗೆ ಏಳುವುದಿಲ್ಲ.

ಮೊಮ್ಮಗಳಿಗೆ ಮಾತ್ರ ಪಾಪ ಅನ್ನಿಸಿರಬೇಕು. ಭಾನುವಾರ ನನ್ನನ್ನು ಸಹಕಾರನಗರದ ಪಾರ್ಲರಿಗೆ ಕರೆದುಕೊಂಡು ಹೋದಳು. ಅಲ್ಲಿ ಮಸಾಜು ಮಾಡುವ ಹುಡುಗಿಗೆ ಕನ್ನಡ ಬರುವುದಿಲ್ಲ, ಯಾವುದೋ ದೂರದ ಗುಡ್ಡದ ಸೀಮೆಯವಳು. ತೂತಿರುವ ಮಂಚದ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿದಳು. ಗೋಡೆಯಿಂದ ನೀರು ಹರಿಯುವ ಸದ್ದು ಬರುತ್ತಿತ್ತು, ನೀರು ಮಾತ್ರ ಎಲ್ಲೂ ಇರಲಿಲ್ಲ. ಎಣ್ಣೆಗೆ ಹೂವಿನ ವಾಸನೆ. ಆದರೆ ಹುಡುಗಿಯ ಕೈ ಒಳ್ಳೆಯದು, ಸುಳ್ಳು ಹೇಳಬಾರದು. ಆ ಜಾಗಕ್ಕೆ ಕೈ ಬಂದಾಗ ನನಗೆ ಉಸಿರು ಹಿಡಿದುಕೊಂಡಿತು. ಪ್ರೆಶರ್ ಓಕೆನಾ ಅಂತ ಕೇಳಿದಳು. ಹೂಂ ಅಂದೆ.

ಮುಗಿಯಿತು ಅಂತ ಬೆನ್ನು ತಟ್ಟಿದಳು. ನಾನು ಎದ್ದು ಕೂತು, ಟವೆಲ್ಲು ಸುತ್ತಿಕೊಂಡು, ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಅವಳಿಗೆ ಹೇಳಿದೆ.

“ತಿರುಗವ್ವ.”

ಅವಳು ತಿರುಗಲಿಲ್ಲ. ಅರ್ಥವಾಗದೆ ನಕ್ಕು, ಒರೆಸಿಕೊಳ್ಳಲಿ ಅಂತ ನನ್ನ ಚಾಚಿದ ಕೈಗೆ ಎರಡು ಟಿಶ್ಶು ಕಾಗದ ಇಟ್ಟಳು. ಒರೆಸಿಕೊಂಡು ಆಚೆ ಬಂದೆ. ಹೇಗಿತ್ತಜ್ಜಿ ಅಂತ ಮೊಮ್ಮಗಳು ಕೇಳಿದಳು. ಚೆನ್ನಾಗಿತ್ತು ಅಂದೆ. ಮತ್ತೆ ಕರೆದಾಗ ಹೋಗಲಿಲ್ಲ.

ಬಾಯಲ್ಲಿ ಹೇಳಲಾಗದ್ದನ್ನು ಕಾಪಿ ಪುಸ್ತಕದಲ್ಲಿ ಬರೆದೆ. ಹರಳೆಣ್ಣೆ, ಹಂಡೆ, ವಾರಗಿತ್ತಿ, ಒಣಗಿದ ಬೆನ್ನು, ನಾನು ಮೇಡಮ್ಮೋರನ್ನು ಕರೆದದ್ದು ಯಾತಕ್ಕೆ, ಎಲ್ಲ. ಒಂದು ಪುಟ ಸಾಲದೆ ಎರಡಾಯಿತು. ಬೆಂಚಿನ ಮೇಲೆ ಅವರು ಅದನ್ನು ಓದುವ ತನಕ ನಾನು ಪಾರ್ಕಿನಾಚೆಯ ಕೆರೆ ಕಡೆ ಮುಖ ಮಾಡಿ ಕೂತಿದ್ದೆ. ಕೆಂಪು ಪೆನ್ನು ಪುಟದ ಮೇಲೆ ಓಡಾಡುವುದು ಕೇಳಿಸುತ್ತಿತ್ತು. ಪುಸ್ತಕ ವಾಪಸು ಕೊಟ್ಟರು. ಏಳು ಕಡೆ ಒತ್ತಕ್ಷರ ತಿದ್ದಿದ್ದರು. ಕೆಳಗೆ ‘ಚೆನ್ನಾಗಿದೆ’ ಅಂತ ಬರೆದಿದ್ದರು. ನಾಳೆ ಹಬ್ಬದ ಅಡುಗೆಯ ಮೇಲೆ ಬರೀರಿ ಅಂದು ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಅವರಿಗೂ ಅವರ ಸೊಸೆ ಇರಬಹುದು, ಸಂಕೋಚ ಇರಬಹುದು. ಟೀಚರು, ಪಾಠ ಕೇಳಿದರೆ ಪಾಠ ತಿದ್ದುತ್ತಾರೆ.

ಕಳೆದ ಶುಕ್ರವಾರ ಕೈ ತಲುಪಿತು. ಮನೆಯಲ್ಲಿ ಯಾರೂ ಇರಲಿಲ್ಲ. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಬೆರಳು ಎಣ್ಣೆಯಲ್ಲಿ ಅದ್ದಿ, ಉಸಿರು ಬಿಟ್ಟು, ಮೇಲಿನಿಂದ ಬಲಗೈ ಇಳಿಸಿದೆ. ಕೆಳಗಿನಿಂದ ಎಡಗೈ ಬಂತು. ಬೆರಳ ತುದಿಗೆ ಬೆರಳ ತುದಿ ಸಿಕ್ಕಿತು. ಆ ನಾಲ್ಕು ಬೆರಳು ಜಾಗಕ್ಕೆ ಎರಡು ವರ್ಷದ ಮೇಲೆ ಹರಳೆಣ್ಣೆ ಬಿತ್ತು. ಉಜ್ಜಿದೆ. ಬೆನ್ನಿಗೆ ಗೊತ್ತಾಗಿಬಿಟ್ಟಿತು, ಇದು ನನ್ನದೇ ಕೈ ಅಂತ. ಸುಮ್ಮನಿತ್ತು.

ಬಟ್ಟಲಲ್ಲಿ ಅರ್ಧ ಎಣ್ಣೆ ಉಳಿದಿತ್ತು. ಇಬ್ಬರಿಗಾಗುವಷ್ಟು ಕಾಯಿಸುವುದು ಈಗಲೂ ಬಿಟ್ಟಿಲ್ಲ ನಾನು. ಉಳಿದದ್ದನ್ನು ಬಚ್ಚಲ ಬಾಗಿಲಿನ ಕೀಲಿಗೆ ಬಿಟ್ಟೆ. ಅದು ಬಹಳ ದಿನದಿಂದ ಕಿರುಗುಟ್ಟುತ್ತಿತ್ತು.

ಶನಿವಾರ ಪಾರ್ಕಿನಲ್ಲಿ ಮಾಸ್ಟರಿಗೆ ಕೊಂಡಿ ಹಾಕಿ ತೋರಿಸಿದೆ. ಈ ವಯಸ್ಸಿನಲ್ಲಿ ಇದನ್ನು ಮಾಡಿದವರನ್ನು ನಾನು ನೋಡಿಲ್ಲ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಡಮ್ಮೋರು ಎಲ್ಲರಿಗಿಂತ ಜೋರಾಗಿ. ಹಿಂದಿನ ಸಾಲಿನವರಿಗೆ ಮುಂದಿನವರ ತಲೆ ಅಡ್ಡ ಬಂದು ಕಾಣಲಿಲ್ಲವಂತೆ.

“ಪಾರ್ಟಿ ಅಜ್ಜಿ, ನಮ್ಗೂ ತೋರ್ಸಿ. ತಿರುಗಿ ಒಂದ್ಸಲ,” ಅಂದಳು ಬ್ಯಾಂಕಿನವಳು.

ತಿರುಗಿದೆ. ಬೆನ್ನು ಅವರ ಕಡೆ ಮಾಡಿ, ಸಾಕು ಅನ್ನುವ ತನಕ ಹಾಗೇ ನಿಂತಿದ್ದೆ.