ಹನ್ನೆರಡು ಬೊಂಬೆಗಳ ಹೊಟ್ಟೆಯಲ್ಲಿ ಏನಿತ್ತು

ಆಗ ಶಿಡ್ಲಘಟ್ಟದ ನಮ್ಮ ಬೀದಿಗೆ ಬಂದ ನೆಂಟರು ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ಕ್ಷೇಮ ವಿಚಾರಿಸುತ್ತಿದ್ದರು. ಸಾಲುಮನೆಗಳಲ್ಲೆಲ್ಲ ರೇಷ್ಮೆಗೂಡು ಬೇಯುತ್ತಿದ್ದ ಕಾಲ. ನನ್ನ ಓರಗೆಯವರಿಗೆ ಆ ಬೆಂದ ಹುಳದ ವಾಸನೆ ಇನ್ನೂ ನೆನಪಿರಬಹುದು. ನನಗೆ ನಿಜವಾಗಿ ನೆನಪಿದೆಯೋ, ನೆನಪಿದೆ ಎಂದು ಹೇಳಿ ಹೇಳಿ ರೂಢಿಯಾಗಿದೆಯೋ ತಿಳಿಯದು. ಈಗ ಬರೆಯಹೊರಟಿರುವ ಬೇಸಿಗೆ ರಜೆಯ ಪಾಡೂ ಅದೇ. ಆ ಕಥೆಯನ್ನು ಹಾಸ್ಟೆಲಿನಲ್ಲಿ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಒಂದೆರಡು ಸಲ ಪಾಠ ಮಾಡುವಾಗಲೂ ಹೇಳಿದ್ದೇನೆ. ಪ್ರತಿ ಸಲವೂ ಕೇಳಿದವರು ನಕ್ಕರು. ಪ್ರತಿ ಸಲವೂ ಅದರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಹಾಗಾಗಿಯೇ ಈಗ ನನಗೆ ಆ ಕಥೆಯ ಮೇಲೆ ನಂಬಿಕೆಯಿಲ್ಲ.

ನಾನು ಆರನೇ ಕ್ಲಾಸು ಮುಗಿಸಿದ್ದೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಅಪ್ಪನ ಕೆಲಸ ಗೌರಿಬಿದನೂರಿನಲ್ಲಿ. ಅಮ್ಮ ಡ್ಯೂಟಿಗೆ ಹೋಗುವಾಗ ನನ್ನನ್ನು ಪಕ್ಕದ ಮನೆಯ ಶಮೀಮ್ ಖಾಲಾ ವಶಕ್ಕೆ ಬಿಟ್ಟು ಹೋಗುತ್ತಿದ್ದರು. ಖಾಲಾ ಎಂದರೆ ಅವರ ಮನೆಮಾತಿನಲ್ಲಿ ಚಿಕ್ಕಮ್ಮ. ಬೀದಿಗೆಲ್ಲ ಅವರು ಖಾಲಾನೇ. ಗಂಡ ಇರಲಿಲ್ಲ. ನಸ್ರೀನ್ ಎಂಬ ಏಳು ವರ್ಷದ ಮಗಳಿದ್ದಳು. ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಗೂಡುಗಳಿಂದ ಎಳೆ ಹಿಡಿದು ನೂಲು ತೆಗೆಯುವುದು ಅವರ ಕೆಲಸ. ಆ ವರ್ಷ ಅವರ ಕೈ ಹುಣ್ಣಾಗಿತ್ತು, ಉಸಿರೂ ಸುಂಯ್ ಎನ್ನುತ್ತಿತ್ತು. "ಒಂದು ತಿಂಗಳು ಆ ನೀರು ಮುಟ್ಟಬೇಡಿ ಶಮೀಮಕ್ಕ. ಬಿಟ್ಟೇಬಿಟ್ರೆ ಇನ್ನೂ ಒಳ್ಳೇದು," ಎಂದು ಅಮ್ಮ ಹೇಳಿದ್ದರು. "ಬಿಟ್ಟು ಏನ್ ಮಾಡ್ಲಿ ಸಿಸ್ಟರಮ್ಮ?" ಎಂದಿದ್ದರು ಖಾಲಾ.

ಮಾಡಲು ಒಂದು ದಾರಿ ಸಿಕ್ಕಿತು. ಖಾಲಾ ಬಿಡುವಿನಲ್ಲಿ ಕ್ರೋಷಾ ಕಡ್ಡಿಯಲ್ಲಿ ನಮಾಜಿನ ಬಿಳಿ ಟೋಪಿ ಹೆಣೆಯುತ್ತಿದ್ದರು. ಅದೇ ಕೈಯಲ್ಲಿ ನಸ್ರೀನ್‌ಗೆಂದು ಉಲ್ಲನ್ ದಾರದ ಒಂದು ಮೊಲ ಹೆಣೆದುಕೊಟ್ಟಿದ್ದರು. ಚಿಂತಾಮಣಿಯಲ್ಲಿ ಮಕ್ಕಳ ಸಾಮಾನಿನ ಅಂಗಡಿ ಇಟ್ಟಿದ್ದವನೊಬ್ಬ ಅದನ್ನು ನೋಡಿ, "ಇಂಥವು ಹನ್ನೆರಡು ಮಾಡ್ಕೊಂಡು ಬಾಮ್ಮ. ಚೆನ್ನಾಗಿದ್ರೆ ವಾರವಾರ ನಾನೇ ತಗೋತೀನಿ," ಎಂದನಂತೆ. ಹನ್ನೆರಡು ಬೊಂಬೆ ಒಪ್ಪಿಗೆಯಾದರೆ ಖಾಲಾ ಮತ್ತೆ ತೊಟ್ಟಿಯ ಮುಂದೆ ಕೂರಬೇಕಾಗಿರಲಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಿಕೊಳ್ಳಲಾರೆ.

ದಾರ ಕಳಿಸುತ್ತಿದ್ದವಳು ಖಾಲಾರ ತಂಗಿ. ಚಿಂತಾಮಣಿಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಆಕೆ ಉಳಿದ ಚೂರುಪಾರುಗಳನ್ನೆಲ್ಲ ಚೀಲದಲ್ಲಿ ತುಂಬಿ ಬಸ್ಸಿಗೆ ಹಾಕುತ್ತಿದ್ದಳು. ಬಂದದ್ದೆಲ್ಲ ಜುಂಗು ಜುಂಗಾದ ಉಲ್ಲನ್. ಮುಟ್ಟಿದರೆ ಬೆಕ್ಕಿನ ಮರಿಯ ಮೈ, ಹೆಣೆಯಲು ಹೋದರೆ ಪ್ರಾಣಸಂಕಟ. ಖಾಲಾರ ಬೊಂಬೆಗಳೆಲ್ಲ ಟೋಪಿಯಂತೆಯೇ ಶುರುವಾಗುತ್ತಿದ್ದವು: ಆರು ಕುಣಿಕೆಯ ಪುಟ್ಟ ಬಿಲ್ಲೆ, ಪ್ರತಿ ಸುತ್ತಿಗೂ ಆರಾರು ಹೆಚ್ಚಿಸುತ್ತ ಹೋದರೆ ಬಟ್ಟಲು, ಆಮೇಲೆ ಹಾಗೇ ಕಮ್ಮಿ ಮಾಡುತ್ತ ಬಂದರೆ ತಲೆ. ಆದರೆ ಆ ಜುಂಗಿನೊಳಗೆ ಕುಣಿಕೆಯೇ ಕಾಣುತ್ತಿರಲಿಲ್ಲ, ಬೆರಳಲ್ಲಿ ತಡಕಿ ಎಣಿಸಬೇಕಿತ್ತು. ಬಿಸಿನೀರಲ್ಲಿ ಬೆಂದ ಖಾಲಾರ ಬೆರಳತುದಿಗಳಿಗೆ ಸ್ಪರ್ಶವೇ ಉಳಿದಿರಲಿಲ್ಲ. ಹಾಗಾಗಿ ಎಣಿಸಲು ನಾನು ಬೇಕಾದೆ. ಕೊನೆಕೊನೆಗೆ ಹೆಣೆಯಲೂ ಕಲಿತೆ.

"ಎಷ್ಟಾಯ್ತು ಬೇಟಾ?"

"ಹದಿನೇಳು."

"ಹದಿನೆಂಟು ಇರ್ಬೇಕಲ್ಲ. ಸರಿಯಾಗಿ ನೋಡು."

"ನೋಡಕ್ಕೆ ಎಲ್ಲಿ ಕಾಣ್ತದೆ ಖಾಲಾ? ಬರೀ ಕೂದಲು!"

"ಕಣ್ಣಲ್ಲಿ ಯಾಕೆ ನೋಡ್ತೀಯ? ಬೆರಳಲ್ಲಿ ನೋಡಪ್ಪ."

ತಪ್ಪಾದರೆ ಬಿಚ್ಚುವಂತೆಯೂ ಇರಲಿಲ್ಲ. ಎಳೆದರೆ ಜುಂಗಿಗೆ ಜುಂಗು ಸಿಕ್ಕಿಕೊಂಡು ಗಂಟಾಗುತ್ತಿತ್ತು. ಕತ್ತರಿಸಿ ಬಿಸಾಡಿ ಮತ್ತೆ ಆರು ಕುಣಿಕೆಯಿಂದ. ನಾನು ಅತ್ತಿದ್ದೇನೆ, ಕಡ್ಡಿಯನ್ನು ಗೋಡೆಗೆ ಎಸೆದಿದ್ದೇನೆ. ಒಮ್ಮೆ ಹಿಪ್ಪುನೇರಳೆ ಹಣ್ಣು ತಿಂದ ಕೈಯಲ್ಲೇ ಹೆಣೆದು ಬಿಳಿ ಮೊಲಕ್ಕೆ ನೇರಳೆ ಮೀಸೆ ಬರಿಸಿದ್ದೆ. ನಸ್ರೀನ್ ಎದುರಿಗೆ ಕೂತು ಹುರಿಗಡಲೆ ಮೆಲ್ಲುತ್ತ, "ಭಯ್ಯಾ, ಇದು ಮೊಲಾನಾ ಮೇಕೇನಾ?" ಎನ್ನುತ್ತಿದ್ದಳು. ಬೀದಿಯಲ್ಲಿ ಚಿನ್ನಿದಾಂಡು ಆಡುವ ಹುಡುಗರು ಕಿಟಕಿಗೆ ಮುಖ ಒತ್ತಿ, "ಏಯ್ ರಘು, ಟೋಪಿ ಆಯ್ತೇನೋ? ಲಂಗ ಯಾವಾಗ ಹೆಣಿತೀಯ?" ಎಂದು ಕೇಕೆ ಹಾಕುತ್ತಿದ್ದರು. ನನಗೆ ಅವರ ಮೇಲೆ ಬರಬೇಕಾದ ಸಿಟ್ಟು ಮೊಲಗಳ ಮೇಲೆ ಬರುತ್ತಿತ್ತು.

ಒಂಬತ್ತು ಮೊಲ ಮುಗಿದಾಗ ಬಿಳಿ ದಾರ ಮುಗಿಯಿತು. ಉಳಿದ ಕಂದು ದಾರದಲ್ಲಿ ಮೂರು ಕರಡಿ. ಮೊಲಗಳ ಹೊಟ್ಟೆ ತುಂಬಿ ಹೊಲಿದವರು ಖಾಲಾ, ಕರಡಿಗಳದ್ದು ನಾನು. ನನ್ನ ತಕರಾರು ಇರುವುದು ತುಂಬಿದ್ದು ಏನನ್ನು ಎಂಬಲ್ಲಿ.

ನಾನು ಹೇಳುತ್ತ ಬಂದ ಕಥೆಯಲ್ಲಿ ಖಾಲಾ ಒಂದು ಗೋಣಿಚೀಲ ಎಳೆದು ತರುತ್ತಾರೆ. ಅದರಲ್ಲಿ ನೂಲು ತೆಗೆದ ಮೇಲೆ ಉಳಿಯುವ ವೇಸ್ಟ್ ರೇಷ್ಮೆ, ಮೆತ್ತಗೆ, ಹಳದಿಹಳದಿ. "ಇದನ್ನೇ ತುಂಬಣ," ಎನ್ನುತ್ತಾರೆ. ಹನ್ನೆರಡಕ್ಕೂ ಅದನ್ನೇ ತುಂಬುತ್ತೇವೆ. ಕಥೆ ಸಲೀಸಾಗಿ ಸಾಗುತ್ತದೆ.

ಆದರೆ ಇನ್ನೊಂದು ಚಿತ್ರವಿದೆ. ಅದು ನಾನು ಕರೆಯದೆ ಬರುತ್ತದೆ. ಖಾಲಾ ಮನೆಯಲ್ಲಿಲ್ಲ. ಹೊರಗೆ ಹುಡುಗರು ಆಟಕ್ಕೆ ನನಗೊಬ್ಬನಿಗಾಗಿ ಕಾದು ಕೂಗುತ್ತಿದ್ದಾರೆ. ತೊಡೆಯ ಮೇಲೆ ಮೂರು ಖಾಲಿ ಕರಡಿ. ನಾನು ಮಹಡಿ ಮೆಟ್ಟಿಲು ಹತ್ತಿ, ಖಾಲಾರ ಆಚೆ ಮನೆಯವರು ಬಿಸಿಲಿಗೆ ಹರಡಿದ್ದ ವೇಸ್ಟ್ ರೇಷ್ಮೆಯನ್ನು ಎರಡೂ ಕೈಯಲ್ಲಿ ಬಾಚುತ್ತಿದ್ದೇನೆ. ಅದು ಇನ್ನೂ ಒದ್ದೆ. ಇದು ನೆನಪೋ, ತಪ್ಪಿತಸ್ಥ ಮನಸ್ಸು ಆಮೇಲೆ ಹೊಲಿದುಕೊಂಡದ್ದೋ, ಎಷ್ಟು ತಡಕಿದರೂ ಕೈಗೆ ಸಿಗುವುದಿಲ್ಲ.

ಎರಡು ದಿನದ ಮೇಲೆ ಹನ್ನೆರಡನ್ನೂ ದೊಡ್ಡ ಪ್ಲಾಸ್ಟಿಕ್ ಕವರಿಗೆ ಹಾಕಿ, ಧೂಳು ಕೂರಬಾರದೆಂದು ಬಾಯಿ ಬಿಗಿದು, ನಾನೂ ಖಾಲಾನೂ ಚಿಂತಾಮಣಿ ಬಸ್ಸು ಹತ್ತಿದೆವು. ಖಾಲಾ ದಾರಿಯುದ್ದಕ್ಕೂ ಕವರನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ಬಿಸಿಲು ಕಾದು ಕವರಿನೊಳಗೆ ಬೆವರು ಕಟ್ಟಿತ್ತು.

ಅಂಗಡಿಯವನು ಗಂಟು ಬಿಚ್ಚಿದ. ಮುಖ ಹಿಂದಕ್ಕೆ ಎಳೆದುಕೊಂಡ.

"ಏಮ್ಮಾ, ಇದರೊಳಗೆ ಏನಾದ್ರೂ ಸತ್ತೋಗೈತಾ?"

"ಏನಿಲ್ಲ ಸಾಹೇಬ್ರೇ, ಹೊಸಾ ಬೊಂಬೆ," ಎಂದರು ಖಾಲಾ. ಒಂದು ಮೊಲ ಎತ್ತಿ ಮೂಗಿಗೆ ಹಿಡಿದರು. ಇನ್ನೊಂದನ್ನು ಎತ್ತಿದರು. "ಎಲ್ಲಿ ವಾಸನೆ? ನಂಗೆ ಬರ್ತಿಲ್ಲ."

"ನಿಂಗೆ ಹೆಂಗಮ್ಮಾ ಬರ್ತದೆ, ನೀನಿರೋದೇ ಅದರಾಗೆ! ಮಕ್ಕಳು ಬಾಯಿಗಿಟ್ಕೊಳ್ಳೋ ಸಾಮಾನು ಇದು. ತಗೊಂಡೋಗು, ತಗೊಂಡೋಗು."

ಖಾಲಾ ನನ್ನ ಕಡೆ ತಿರುಗಿದರು. "ಬೇಟಾ, ನೀನು ಹೇಳು. ವಾಸನೆ ಬರ್ತದಾ?"

ಬರುತ್ತಿತ್ತು. ಇದರಲ್ಲಿ ನನಗೆ ಅನುಮಾನವಿಲ್ಲ. ಮನೆಯಲ್ಲಿ ಬರದಿದ್ದದ್ದು ಆ ಅಂಗಡಿಯ ಪೌಡರು, ಹೊಸ ಪ್ಲಾಸ್ಟಿಕ್ಕಿನ ನಡುವೆ ಗಪ್ಪೆಂದು ಬರುತ್ತಿತ್ತು. "ನಿಮ್ಮ ಕೈದು ಇರ್ಬೇಕು ಖಾಲಾ," ಎಂದೆ. ಈ ಮಾತನ್ನು ಅಂಗಡಿಯವನು ಹೇಳಿದನೆಂದು ಬಹಳ ವರ್ಷ ನಂಬಿದ್ದೆ. ಅವನು ಅವರನ್ನು ಖಾಲಾ ಎಂದು ಯಾಕೆ ಕರೆಯುತ್ತಾನೆ?

ಖಾಲಾ ಎರಡೂ ಕೈಯನ್ನು ಬುರ್ಖಾದೊಳಗೆ ಸೇರಿಸಿಕೊಂಡರು. ಬಸ್ಸಿನಲ್ಲಿ ಕವರು ಅವರ ಕಾಲ ಬಳಿ ಇತ್ತು. "ಹಸಿವಾಯ್ತಾ?" ಎಂದು ಒಂದು ಸಲ ಕೇಳಿದರು, ಅಷ್ಟೇ. ಮರುದಿನ ಬೆಳಿಗ್ಗೆ ಅಮ್ಮ ಅವರ ಬಾಗಿಲಲ್ಲಿ ನಿಂತು, "ತಿಂಗಳಿನ್ನೂ ಆಗಿಲ್ಲ ಶಮೀಮಕ್ಕ," ಎನ್ನುತ್ತಿದ್ದದ್ದು ಕೇಳಿಸಿತು. ಖಾಲಾ ತೊಟ್ಟಿಯ ಕೆಲಸಕ್ಕೆ ಹೊರಟುಬಿಟ್ಟಿದ್ದರು.

ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರ ಓದಿದ ಮೇಲೆ ಇದಕ್ಕೊಂದು ಚೆಂದದ ವಿವರಣೆ ಹಚ್ಚಿದೆ. ವಾಸನೆಯೊಳಗೇ ಬದುಕುವವರಿಗೆ ವಾಸನೆ ತಿಳಿಯುವುದಿಲ್ಲ. ಪಾಪ, ಆಕೆ ಮಕ್ಕಳ ಬೊಂಬೆಗೆ ವೇಸ್ಟ್ ರೇಷ್ಮೆ ತುಂಬಿದಳು. ನನ್ನ ಕ್ಲಾಸಿನ ಹುಡುಗರು ನಕ್ಕು ಬರೆದುಕೊಳ್ಳುತ್ತಿದ್ದರು. ಹೇಳುವಾಗ ಖಾಲಾ 'ಆಕೆ' ಆಗಿಬಿಟ್ಟದ್ದನ್ನು ನಾನು ಗಮನಿಸಲೇ ಇಲ್ಲ.

ಖಾಲಾ ಉಬ್ಬಸದಿಂದ ತೀರಿಕೊಂಡು ಮೂರು ವರ್ಷವಾಯಿತು. ಹೋದ ಬೇಸಿಗೆಯಲ್ಲಿ ಶಿಡ್ಲಘಟ್ಟಕ್ಕೆ ಹೋಗಿದ್ದೆ. ನಮ್ಮ ಬೀದಿಯಲ್ಲಿ ಈಗ ಯಾರೂ ಗೂಡು ಬೇಯಿಸುವುದಿಲ್ಲ. ಮೊಬೈಲ್ ರಿಪೇರಿ, ಬಿರಿಯಾನಿ, ಟೈಲರು. ಮೂಗೆಳೆದು ನೋಡಿದರೆ ಎಲ್ಲ ಊರಿನ ವಾಸನೆಯೇ. ಆ ಮನೆಯಲ್ಲಿ ನನ್ನನ್ನು ಬೇಟಾ ಎನ್ನುವವರಿಲ್ಲ. ಉಲ್ಲನ್ ಕೊಟ್ಟರೆ ಆರು ಕುಣಿಕೆಯನ್ನೂ ನಾನು ಈಗ ಹಾಕಲಾರೆ. ಕೇಳಬಹುದಾಗಿದ್ದ ವರ್ಷಗಳಲ್ಲಿ ಕೇಳಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಅವರು ಬಡಿಸಿದ್ದನ್ನು ಉಂಡು ಬಂದೆ.

ನಸ್ರೀನ್ ಈಗ ಶಾಲೆಯ ಟೀಚರು. ನನ್ನ ಪ್ರಶ್ನೆ ಕೇಳಿ ಅವಳಿಗೆ ಬೇಸರವಾಯಿತು. "ಅಮ್ಮೀ ಆವತ್ತು ಹತ್ತಿ ತರಕ್ಕೆ ಹೋಗಿದ್ರು ಭಯ್ಯಾ. ನಿಂಗೆ ಕಾಯ್ತಿರು ಅಂದಿದ್ರು. ನೀನು ಕಾಯ್ಲಿಲ್ಲ."

"ನಿನಗಾಗ ಏಳು ವರ್ಷ. ಹೇಗೆ ನೆನಪಿರುತ್ತೆ?"

"ನಿನ್ನ ಪಿಎಚ್‌ಡಿ ಬುದ್ಧಿ ಇಲ್ಲಿ ಬೇಡ," ಎಂದು ಎದ್ದು ಹೋಗಿ ಬೀರುವಿನಿಂದ ಎರಡು ಬೊಂಬೆ ತಂದು ನನ್ನ ಮುಂದಿಟ್ಟಳು. ಒಂದು ಕರಡಿ, ಒಂದು ಮೊಲ. ಉಳಿದವು ಬೀದಿಯ ಮಕ್ಕಳ ಕೈಯಲ್ಲಿ ಹರಿದುಹೋದವಂತೆ. ಖಾಲಾ ಯಾವುದನ್ನೂ ಬಿಚ್ಚಿ ನೋಡಲು ಬಿಡುತ್ತಿರಲಿಲ್ಲವಂತೆ. ಯಾಕೆಂದು ಅವಳಿಗೂ ಗೊತ್ತಿಲ್ಲ.

"ನೋಡ್ಬೇಕಾ? ನೋಡ್ಕೋ," ಎಂದು ಕತ್ತರಿ ಕೊಟ್ಟಳು.

ಕರಡಿಯನ್ನು ಕತ್ತರಿಸಿದೆ. ಹಳದಿ ಕಟ್ಟಿದ ವೇಸ್ಟ್ ರೇಷ್ಮೆ, ನಡುವೆ ಒಣಗಿದ ಹುಳದ ಕಂದು ಸಿಪ್ಪೆಗಳು. ಮೂಗಿಗೆ ಹಿಡಿದೆ. ಯಾವ ವಾಸನೆಯೂ ಇರಲಿಲ್ಲ. ಖಾಲಾ ಕಾಯಲು ಹೇಳಿದ್ದರೇ, ಆ ಮಹಡಿ ನಿಜವೇ, ಇವನ್ನು ಯಾವ ಕತ್ತರಿಯೂ ಹೇಳಲಾರದು. ಒಂದನ್ನು ಮಾತ್ರ ನನ್ನ ಕಣ್ಣಾರೆ ನೋಡಿ, ಬೆರಳಾರೆ ಮುಟ್ಟಿ ಖಾತ್ರಿ ಮಾಡಿಕೊಂಡು ಬಂದಿದ್ದೇನೆ.

ಖಾಲಾ ಹೊಲಿದ ಮೊಲದೊಳಗೆ ಇದ್ದದ್ದು ಹತ್ತಿ.